ಮೊಳೆ ಕಂಡ ಕೂಡಲೇ ಕೀಳಬೇಡಿ: ದಾರಿಯಲ್ಲಿ ಟ್ಯೂಬ್‌ಲೆಸ್ ಟೈರ್ ಪಂಕ್ಚರ್ ಆದರೆ

ಪ್ರಶ್ನೆ: ಗದಗದಿಂದ ಹುಬ್ಬಳ್ಳಿಗೆ ದಿನಾ ಬೈಕಿನಲ್ಲಿ ಓಡಾಡುತ್ತೇನೆ. 150 ಸಿಸಿ ಬೈಕು, ಎರಡೂ ಟೈರ್ ಟ್ಯೂಬ್‌ಲೆಸ್. ಹೋದ ವಾರ ಸಂಜೆ ವಾಪಸ್ ಬರುವಾಗ ಅಣ್ಣಿಗೇರಿ ದಾಟಿ ಸ್ವಲ್ಪ ದೂರದಲ್ಲಿ ಹಿಂದಿನ ಗಾಲಿ ಅಲ್ಲಾಡಿದ ಹಾಗಾಯಿತು. ನಿಲ್ಲಿಸಿ ನೋಡಿದರೆ ಮೊಳೆ. ಕಿತ್ತೆ, ಹವಾ ಭುಸ್ ಅಂತ ಪೂರ್ತಿ ಹೋಯಿತು. ಎರಡು ವರ್ಷದ ಹಿಂದೆ ತರಿಸಿದ ಪಂಕ್ಚರ್ ಕಿಟ್ ಬ್ಯಾಗಿನಲ್ಲಿತ್ತು. ಅದರಲ್ಲಿದ್ದ ಒರಟು ಕಡ್ಡಿ ಬಹಳ ಬಿಗಿ ಆಯಿತು, ಒಂದೆರಡು ಸಲ ಆಡಿಸಿ ಬಿಟ್ಟೆ. ಸಲ್ಯೂಷನ್, ಅಂದರೆ ರಬ್ಬರಿನ ಅಂಟು, ಗಟ್ಟಿಯಾಗಿತ್ತು, ಹಾಕಲಿಲ್ಲ. ತೂತು ಮುಚ್ಚುವ ರಬ್ಬರ್ ಸ್ಟ್ರಿಪ್ ತುರುಕಿ, ಹೊರಗೆ ಉಳಿದದ್ದನ್ನು ನೀಟಾಗಿ ಕತ್ತರಿಸಿ, ಕಾಲಿನ ಪಂಪ್‌ನಿಂದ ಕೈಗೆ ಗಟ್ಟಿ ಅನ್ನಿಸುವವರೆಗೆ ಹವಾ ಹೊಡೆದೆ. ನಾಲ್ಕು ಕಿಲೋಮೀಟರ್‌ಗೆ ಸ್ಟ್ರಿಪ್ ಕಿತ್ತುಕೊಂಡು ಹೋಯಿತು. ಕತ್ತಲಾಗಿತ್ತು, ಇನ್ನೊಂದು ಮೂರು ಕಿಲೋಮೀಟರ್ ಹಾಗೇ ಓಡಿಸಿಕೊಂಡು ಅಂಗಡಿ ಮುಟ್ಟಿಸಿದೆ. ಅವರು ಟೈರ್ ಹೋಯಿತು, ಹೊಸದು ಹಾಕಿ ಅಂದರು. ಹಾಕಿ ಒಂದೂವರೆ ವರ್ಷ ಆಗಿದೆ ಅಷ್ಟೇ. ನಾನು ಎಲ್ಲಿ ತಪ್ಪು ಮಾಡಿದೆ? ಅವರು ಸುಮ್ನೆ ಹೇಳ್ತಿದ್ದಾರಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅವರು ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ಟೈರ್ ಕೆಟ್ಟಿದ್ದರೆ ಅದು ಮೊಳೆಯಿಂದ ಕೆಟ್ಟಿದ್ದಲ್ಲ, ಹವಾ ಇಲ್ಲದೆ ಮೂರು ಕಿಲೋಮೀಟರ್ ಓಡಿಸಿದ್ದರಿಂದ. ಮೊಳೆ ಮಾಡಿದ್ದು ಒಂದು ತೂತು. ಉಳಿದದ್ದೆಲ್ಲ ನಿಮ್ಮದು. ಬೇಜಾರು ಮಾಡಿಕೊಳ್ಳಬೇಡಿ, ಹುಬ್ಬಳ್ಳಿಯಲ್ಲಿ ನನ್ನ ಕೆಲಸದ ಜಾಗಕ್ಕೆ ಬೈಕು ತಳ್ಳಿಕೊಂಡು ಬರುವವರು ಹೇಳುವ ಕತೆಯೂ ಹೆಚ್ಚುಕಮ್ಮಿ ಇದೇ ಇರುತ್ತದೆ, ಊರ ಹೆಸರು ಮಾತ್ರ ಬೇರೆ.

ಮೊದಲ ತಪ್ಪು ಮೊಳೆ ಕಿತ್ತಿದ್ದು. ಮೊಳೆ ಕಂಡ ತಕ್ಷಣ ಕೈ ಅಲ್ಲಿಗೇ ಹೋಗುತ್ತದೆ, ಕಾಲಿಗೆ ಮುಳ್ಳು ಚುಚ್ಚಿದರೆ ಕೀಳುವ ಹಾಗೆ. ಟ್ಯೂಬ್ ಇದ್ದ ಕಾಲದಲ್ಲಿ ಕಿತ್ತರೂ ಬಿಟ್ಟರೂ ಒಂದೇ ಇತ್ತು. ಟ್ಯೂಬ್ ಅಂದರೆ ಬಲೂನ್ ಇದ್ದ ಹಾಗೆ, ತೂತಾದ ಕೂಡಲೇ ಅದರ ಹವಾ ಟೈರ್ ಒಳಗೆ ಬಂದು, ವಾಲ್ ಪಕ್ಕದ ಸಂದಿನಲ್ಲೋ ಗಾಲಿಯ ಕಡ್ಡಿಗಳ ತೂತುಗಳಲ್ಲೋ ಹೊರಗೆ ಓಡಿಬಿಡುತ್ತಿತ್ತು. ಟ್ಯೂಬ್‌ಲೆಸ್‌ನಲ್ಲಿ ಹಾಗಲ್ಲ. ಅಲ್ಲಿ ಟೈರಿನ ಒಳಮೈಗೆ ಬ್ಯುಟೈಲ್ ಜಾತಿಯ ರಬ್ಬರಿನ ಒಂದು ಪದರ ಇರುತ್ತದೆ, ಹವಾ ಸೋರದ ಹಾಗೆ ತಡೆಯುವುದು ಅದೇ. ಮೊಳೆ ಹೊಕ್ಕಾಗ ರಬ್ಬರು ಮೊಳೆಯ ಸುತ್ತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಂದರೆ ಮೊಳೆಯೇ ಬಿರಡೆ. ಎಷ್ಟೋ ಬೈಕುಗಳು ಮೊಳೆ ಇಟ್ಟುಕೊಂಡೇ ವಾರಗಟ್ಟಲೆ ಓಡಾಡಿರುತ್ತವೆ, ಸರ್ವಿಸ್‌ಗೆ ಬಿಟ್ಟಾಗಲೇ ಗೊತ್ತಾಗುವುದು.

ಹಾಗಾಗಿ ದಾರಿಯಲ್ಲಿ ಮೊಳೆ ಕಂಡರೆ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ, ಹವಾ ಇನ್ನೂ ಇದೆಯಾ? ಇದ್ದರೆ ಮೊಳೆಗೆ ಕೈ ಹಚ್ಚಬೇಡಿ. ಬೇಕಾದರೆ ಇನ್ನಷ್ಟು ಹವಾ ತುಂಬಿ, 30–40 ವೇಗದಲ್ಲಿ ನಿಧಾನಕ್ಕೆ ಹತ್ತಿರದ ಊರಿಗೆ ಹೋಗಿ, ನಡುವೆ ಒಂದೆರಡು ಕಡೆ ನಿಂತು ಟೈರ್ ಒತ್ತಿ ನೋಡಿ. ಹುಬ್ಬಳ್ಳಿಯಿಂದ ಗದಗಕ್ಕೆ ಸುಮಾರು 60 ಕಿಲೋಮೀಟರ್, ಮಧ್ಯದಲ್ಲಿ ಅಣ್ಣಿಗೇರಿ ಒಂದೇ ದೊಡ್ಡ ಊರು, ನೀವು ಅದನ್ನು ಆಗಷ್ಟೇ ದಾಟಿದ್ದಿರಿ. ತಿರುಗಿ ಹೋಗಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಮುಂದೆ ಹೋಗಬೇಕು ಅನ್ನುವ ಹಟ ನಮಗೆಲ್ಲ ಇರುತ್ತದೆ, ಹಿಂದೆ ತಿರುಗಿದರೆ ಸೋತ ಹಾಗೆ ಅನ್ನಿಸುತ್ತದೆ ಅಲ್ವಾ.

ಹವಾ ಬೇಗ ಬೇಗ ಇಳಿಯುತ್ತಿದೆ, ಊರು ದೂರ ಇದೆ, ಆಗ ಮಾತ್ರ ಕಿಟ್ ಬಿಚ್ಚಿ. ಆಗಲೂ ಮೊಳೆ ಕೀಳುವುದಕ್ಕಿಂತ ಮೊದಲು ಎಲ್ಲ ಸಾಮಾನು ಬಟ್ಟೆಯ ಮೇಲೆ ಹರಡಿ, ಸೂಜಿಗೆ ಸ್ಟ್ರಿಪ್ ಪೋಣಿಸಿ, ಪಂಪ್ ಪಕ್ಕಕ್ಕೆ ಇಟ್ಟುಕೊಂಡಿರಬೇಕು. ಟೈರಿನಲ್ಲಿ ಸ್ವಲ್ಪ ಹವಾ ಇದ್ದಾಗಲೇ ಕೆಲಸ ಸಲೀಸು. ಪೂರ್ತಿ ಖಾಲಿ ಟೈರು ಒತ್ತಿದ ಕಡೆ ಒಳಗೆ ಹೋಗುತ್ತದೆ, ನಿಮ್ಮ ಜೋರೆಲ್ಲ ವ್ಯರ್ಥ. ನಿಮಗೆ ಕಡ್ಡಿ ಅಷ್ಟು ಬಿಗಿ ಅನ್ನಿಸಿದ್ದಕ್ಕೆ ಅರ್ಧ ಕಾರಣ ಇದೇ.

ಗಾಡಿ ನಿಲ್ಲಿಸುವ ಜಾಗದ ಬಗ್ಗೆಯೂ ಒಂದು ಮಾತು. ಟೈರ್ ರಿಪೇರಿ ಮಾಡುವಾಗ ನೀವು ರಸ್ತೆಗೆ ಬೆನ್ನು ಹಾಕಿ, ತಲೆ ಬಗ್ಗಿಸಿ ಕೂತಿರುತ್ತೀರಿ. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್‌ನಲ್ಲಿ, ಅದು ಬರೀ ಎರಡು ಲೇನ್ ಇದ್ದಾಗ, ರಾತ್ರಿ ಎಂಟಕ್ಕೆ ನಾನು ಹಾಗೆ ಕೂತಿದ್ದೆ. ಲಾರಿ ಹೋದ ರಭಸಕ್ಕೆ ಬಿಚ್ಚಿಟ್ಟ ವಾಲ್ ಮುಚ್ಚಳ ಹಾರಿಹೋಯಿತು, ಹುಡುಕಲಿಕ್ಕೂ ಧೈರ್ಯ ಬರಲಿಲ್ಲ. ಅಂಥ ಜಾಗ ಆದರೆ ಬೈಕು ಡಾಂಬರಿನಿಂದ ಕೆಳಗೆ ಇಳಿಸಿ, ಹೊಲದ ದಾರಿಯೋ ಧಾಬಾದ ಅಂಗಳವೋ ಸಿಗುವವರೆಗೆ ತಳ್ಳಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಿಕ್ಕಿಬಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಬಹುದು. ಮಳೆಗಾಲದಲ್ಲಿ ನಮ್ಮ ಕಡೆಯ ಎರೆ ಮಣ್ಣಿಗೆ ಮಾತ್ರ ಇಳಿಸಬೇಡಿ. ಸ್ಟ್ಯಾಂಡ್ ಹೂತುಕೊಂಡು ಬೈಕು ಅಡ್ಡ ಬೀಳುತ್ತದೆ, ಮಣ್ಣು ಮೆತ್ತಿಕೊಂಡ ಟೈರಿನಲ್ಲಿ ತೂತು ಹುಡುಕುವುದು ಇನ್ನೊಂದು ಕರ್ಮ.

ಈಗ ತೂತು ಎಲ್ಲಿದೆ ನೋಡಿ. ನೆಲಕ್ಕೆ ತಾಗುವ ದಪ್ಪ ಭಾಗದ ನಡುವೆ ಇದ್ದರೆ ಸ್ಟ್ರಿಪ್ ಹಾಕಬಹುದು. ಪಕ್ಕದ ಗೋಡೆಯಲ್ಲಿದ್ದರೆ ಹಾಕಲೇಬಾರದು. ಗೋಡೆ ತೆಳ್ಳಗೆ, ಗಾಲಿಯ ಒಂದೊಂದು ಸುತ್ತಿಗೂ ಅದು ಬಾಗಿ ಏಳುತ್ತಿರುತ್ತದೆ, ಸ್ಟ್ರಿಪ್ ನಿಲ್ಲುವುದಿಲ್ಲ. ನಿಂತರೆ ಇನ್ನೂ ಕೆಟ್ಟದ್ದು, ನೀವು ನಂಬಿ ವೇಗ ಹೆಚ್ಚಿಸಿದಾಗ ಹರಿಯುತ್ತದೆ. ತೂತು 6 ಮಿಲಿಮೀಟರ್‌ಗಿಂತ ದೊಡ್ಡದಿದ್ದರೆ, ಅಂದರೆ ಹತ್ತಿರ ಹತ್ತಿರ ಪೆನ್ಸಿಲ್ ದಪ್ಪಕ್ಕೆ ಬಂದರೆ, ಅದೂ ಬೇಡ. ಸೀಳಿದ ಗಾಯಕ್ಕೂ ಬೇಡ. ಮುಂದಿನ ಗಾಲಿ ಆದರೆ ನಾನು ಇನ್ನೂ ಜಿಪುಣ. ಹಿಂದಿನ ಟೈರ್ ಹವಾ ಬಿಟ್ಟರೆ ಬಾಲ ಅಲ್ಲಾಡುತ್ತದೆ, ಹೇಗೋ ಸಂಭಾಳಿಸಬಹುದು. ಮುಂದಿನದು ಬಿಟ್ಟರೆ ಹ್ಯಾಂಡಲ್ ನಿಮ್ಮ ಮಾತು ಕೇಳುವುದಿಲ್ಲ.

ಮೊಳೆ ಕಾಣದೆ ಹವಾ ಮಾತ್ರ ಹೋಗುತ್ತಿದ್ದರೆ ಸೋಪಿನ ನೀರು ಹಾಕಿ ಗಾಲಿ ನಿಧಾನಕ್ಕೆ ತಿರುಗಿಸಿ. ಸೋಪು ಇಲ್ಲದಿದ್ದರೆ ಬಾಟಲಿ ನೀರು, ಅದೂ ಇಲ್ಲದಿದ್ದರೆ ಉಗುಳು. ವಾಲ್ ಬಾಯಿಗೆ ಮೊದಲು ಉಗುಳು ಹಚ್ಚಿ ನೋಡಿ, ಗುಳ್ಳೆ ಅಲ್ಲೇ ಬಂದರೆ ಟೈರಿನ ತಪ್ಪಿಲ್ಲ, ಒಳಗಿನ ವಾಲ್ ಪಿನ್ ಸಡಿಲಾಗಿದೆ ಅಥವಾ ವಾಲ್‌ನ ರಬ್ಬರ್ ಬಿರುಕು ಬಿಟ್ಟಿದೆ.

ನಮ್ಮ ಭಾಗದಲ್ಲಿ ಟೈರಿಗೆ ಹೊಕ್ಕುವುದು ಬರೀ ಕಬ್ಬಿಣದ ಮೊಳೆ ಅಲ್ಲ. ಎತ್ತಿನ ಲಾಳದ ಮೊಳೆ ಒಂದು. ತಲೆ ದಪ್ಪ, ಮೈ ಚಪ್ಪಟೆ, ಸವೆದು ಬಿದ್ದಾಗ ತುದಿ ಸೊಟ್ಟ. ಅದು ಮಾಡುವ ತೂತು ದುಂಡಗಿರುವುದಿಲ್ಲ, ಚಪ್ಪಟೆಯಾಗಿರುತ್ತದೆ, ಕೆಲವು ಸಲ ಎರಡು ಸ್ಟ್ರಿಪ್ ಬೇಕು. ಇನ್ನೊಂದು ಜಾಲಿ ಮುಳ್ಳು. ಹಳ್ಳಿ ರಸ್ತೆಯ ಬದಿಗೆ ಬೇಲಿ ಕಡಿದು ಹಾಕಿದ ದಿನಗಳಲ್ಲಿ ಅದು ಹೊಕ್ಕು, ಹೊರಗಿನ ತುಂಡು ಮುರಿದು, ತುದಿ ಒಳಗೇ ಉಳಿಯುತ್ತದೆ. ಹೊರಗೆ ಕಾಣುವುದು ಒಂದು ಕಂದು ಚುಕ್ಕೆ. ಬೆಳಿಗ್ಗೆ ತುಂಬಿಸಿದ ಹವಾ ಮರುದಿನಕ್ಕೆ ಅರ್ಧ. ಇದಕ್ಕೆ ದಾರಿಯಲ್ಲಿ ಒದ್ದಾಡಬೇಡಿ. ಹವಾ ತುಂಬಿಕೊಂಡು ಮನೆಗೆ ಹೋಗಿ, ಟೈರ್ ಬಿಚ್ಚಿಸಿ ಒಳಗಿನಿಂದ ತೆಗೆಸಿ.

ಇನ್ನು ಅಸಲಿ ಕೆಲಸ. ಬೈಕು ದೊಡ್ಡ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮೊಳೆ ನಿಮ್ಮ ಎದೆಯ ಕಡೆ ಬರುವ ಹಾಗೆ ಗಾಲಿ ತಿರುಗಿಸಿ, ಗೇರ್‌ನಲ್ಲಿ ಹಾಕಿ, ಗಾಲಿ ಅಲ್ಲಾಡುವುದಿಲ್ಲ. ಎಂಜಿನ್ ಬಂದ್ ಇರಲಿ, ಬೀಗದ ಕೈ ಜೇಬಿನಲ್ಲಿರಲಿ. ಹೊರಡುವಾಗ ನ್ಯೂಟ್ರಲ್‌ಗೆ ತರುವುದನ್ನು ಮರೆಯಬೇಡಿ. ಮೊಳೆ ಯಾವ ಕೋನದಲ್ಲಿ ಹೊಕ್ಕಿದೆ ಅಂತ ಕಣ್ಣಲ್ಲಿ ಅಳೆದುಕೊಳ್ಳಿ, ಯಾಕೆಂದರೆ ಕಡ್ಡಿಯೂ ಸೂಜಿಯೂ ಅದೇ ದಾರಿಯಲ್ಲಿ ಹೋಗಬೇಕು. ಬೇರೆ ಕೋನದಲ್ಲಿ ಚುಚ್ಚಿದರೆ ಹೊಸ ತೂತು ಮಾಡಿದ ಹಾಗೆ. ಪಕ್ಕಡದಿಂದ ಹಿಡಿದು ನೇರ ಎಳೆಯಿರಿ, ಸ್ಕ್ರೂ ಆದರೆ ತಿರುಗಿಸಿ ಬಿಚ್ಚಿ.

ಆಮೇಲೆ ಆ ಒರಟು ಕಡ್ಡಿ, ಕಾನಸಿನಂತೆ ಹಲ್ಲು ಇರುವುದು, ಟಿ ಆಕಾರದ ಹಿಡಿಕೆ. ನೀವು ಒಂದೆರಡು ಸಲ ಆಡಿಸಿ ಬಿಟ್ಟದ್ದು ಇದನ್ನೇ. ತೊಂಬತ್ತು ಪಾಲು ಕೆಲಸ ಇಲ್ಲಿದೆ ಅಂತ ನನ್ನ ಲೆಕ್ಕ. ಜನ ಇದನ್ನು ತೂತು ದೊಡ್ಡದು ಮಾಡುವ ಸಾಧನ ಅಂದುಕೊಂಡು ಹೆದರುತ್ತಾರೆ, ಇದ್ದ ತೂತನ್ನು ಯಾಕೆ ದೊಡ್ಡದು ಮಾಡಬೇಕು ಅಂತ. ಇದು ಮಾಡುವುದು ಎರಡು ಕೆಲಸ. ಸೂಜಿ ಸ್ಟ್ರಿಪ್ ಸಮೇತ ಹೋಗುವಷ್ಟು ದಾರಿ ಬಿಡಿಸುತ್ತದೆ, ಮತ್ತೆ ತೂತಿನ ಒಳಗೋಡೆಯ ನುಣುಪು, ಧೂಳು, ತೇವ ಎಲ್ಲ ಕೆರೆದು ಹೊಸ ರಬ್ಬರು ಎದ್ದು ಬರುವ ಹಾಗೆ ಮಾಡುತ್ತದೆ. ಗೋಡೆಗೆ ಸುಣ್ಣ ಬಳಿಯುವ ಮುಂಚೆ ಕೆರೆಯುವುದಿಲ್ಲವಾ, ಹಾಗೆ. ಕೆರೆಯದ ತೂತಿಗೆ ಸ್ಟ್ರಿಪ್ ಅಂಟುವುದಿಲ್ಲ, ಸುಮ್ನೆ ಸಿಕ್ಕಿಕೊಂಡು ಕೂತಿರುತ್ತದೆ. ನಿಮ್ಮದು ನಾಲ್ಕು ಕಿಲೋಮೀಟರ್ ಕೂತಿತ್ತು. ಕಡ್ಡಿಗೆ ಸ್ವಲ್ಪ ಸಲ್ಯೂಷನ್ ಸವರಿ, ಎರಡೂ ಕೈಯಲ್ಲಿ ಹಿಡಿದು, ಮೈಭಾರ ಹಾಕಿ, ಬಲಕ್ಕೆ ತಿರುವುತ್ತಾ ಒಳಗೆ ಒತ್ತಿ. ಹತ್ತು ಹದಿನೈದು ಸಲ ಮೇಲೆ ಕೆಳಗೆ ಆಡಿಸಿ. ಮೊದಲು ಒದ್ದಾಡುತ್ತದೆ, ಆಮೇಲೆ ಸಡಿಲಾಗುತ್ತದೆ. ಆ ಸಡಿಲ ಕೈಗೆ ಗೊತ್ತಾಗುವವರೆಗೆ ಬಿಡಬೇಡಿ. ಕೆಲಸ ಮುಗಿದರೂ ಕಡ್ಡಿಯನ್ನು ತಕ್ಷಣ ಹೊರಗೆ ತೆಗೆಯಬೇಡಿ, ಅಲ್ಲೇ ಇರಲಿ, ಹವಾ ಹೋಗುವುದನ್ನು ತಡೆದಿರುತ್ತದೆ. ಸೂಜಿ ಕೈಗೆ ಬಂದ ಮೇಲೆ ತೆಗೆಯಿರಿ.

ಸೂಜಿ ಅಂದರೆ ಚೀಲ ಹೊಲಿಯುವ ದಬ್ಬಣದ ಹಾಗೆ, ಆದರೆ ಕಣ್ಣು ತುದಿಯಲ್ಲಿ ಸೀಳಿರುತ್ತದೆ. ಸ್ಟ್ರಿಪ್ ಮಧ್ಯಕ್ಕೆ ಬರುವ ಹಾಗೆ ಪೋಣಿಸಿ, ಸಲ್ಯೂಷನ್ ಹಚ್ಚಿ, ಎರಡೂ ತುದಿ ಹೊರಗೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉಳಿಯುವವರೆಗೆ ಒಳಗೆ ದೂಡಿ. ಪೂರ್ತಿ ಒಳಗೆ ಹೋದರೆ ಮುಗೀತು, ಹೊಸದು ತೆಗೆಯಬೇಕು. ಆಮೇಲೆ ಸೂಜಿಯನ್ನು ತಿರುವದೆ, ನೇರಕ್ಕೆ, ಒಂದೇ ಏಟಿಗೆ ಎಳೆಯಿರಿ. ಸೀಳಿನಿಂದ ಸ್ಟ್ರಿಪ್ ಕಳಚಿಕೊಂಡು, ಒಳಗೆ ಮಡಚಿದ ಗಂಟಿನ ಹಾಗೆ ಉಳಿಯುತ್ತದೆ. ಹವಾ ಒಳಗಿನಿಂದ ಒತ್ತಿದಷ್ಟೂ ಆ ಗಂಟು ಬಿಗಿಯುತ್ತದೆ. ಅಳುಕುತ್ತಾ ನಿಧಾನಕ್ಕೆ ಎಳೆದರೆ ಸ್ಟ್ರಿಪ್ಪೂ ಜೊತೆಗೆ ಬರುತ್ತದೆ, ಹೊಸಬರಿಗೆಲ್ಲ ಒಂದು ಸಲವಾದರೂ ಆಗುವುದೇ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಸ್ಟ್ರಿಪ್ ಬಿರುಸಾಗಿರುತ್ತದೆ, ಅಂಗೈಯಲ್ಲಿ ಒಂದು ನಿಮಿಷ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ.

ಹೊರಗೆ ಉಳಿದದ್ದನ್ನು ನೀವು ನೀಟಾಗಿ ಕತ್ತರಿಸಿದ್ದಿರಿ. ಆ ನೀಟು ಬೇಡ. ಮೂರು ನಾಲ್ಕು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಆ ಕುಚ್ಚು ರಸ್ತೆಗೆ ತಿಕ್ಕಿ ತಾನೇ ಟೈರಿಗೆ ಸಮ ಆಗುತ್ತದೆ. ಕತ್ತರಿಸುವಾಗ ಎಳೆದು ಹಿಡಿಯಬೇಡಿ, ಎಳೆದರೆ ಒಳಗಿನ ಗಂಟು ಸಡಿಲಾಗುತ್ತದೆ.

ಸಲ್ಯೂಷನ್ ಇಲ್ಲದೆ ಹಾಕಿದ್ದರ ಬಗ್ಗೆ. ಒಳ್ಳೆಯ ಸ್ಟ್ರಿಪ್ ತಾನೇ ಅಂಟು ಅಂಟಾಗಿರುತ್ತದೆ, ಅದೊಂದರಿಂದಲೂ ಕೆಲಸ ಆಗಬಹುದು. ಆದರೆ ಸಲ್ಯೂಷನ್ ಬರೀ ಅಂಟಲ್ಲ, ಒಳಗೆ ಜಾರಲು ಎಣ್ಣೆಯ ಕೆಲಸವನ್ನೂ ಮಾಡುತ್ತದೆ, ನಂತರ ಒಣಗಿ ರಬ್ಬರಿಗೆ ರಬ್ಬರು ಹಿಡಿಸುತ್ತದೆ. ಟ್ಯೂಬಿನ ಬಾಯಿ ಒಮ್ಮೆ ಒಡೆದ ಮೇಲೆ ಕೆಲವೇ ತಿಂಗಳಲ್ಲಿ ಗಟ್ಟಿಯಾಗುತ್ತದೆ, ಒಡೆಯದಿದ್ದರೂ ನಮ್ಮ ಏಪ್ರಿಲ್ ಬಿಸಿಲಿಗೆ ಸೀಟಿನ ಕೆಳಗೆ ಎರಡು ವರ್ಷ ಬಾಳುವುದಿಲ್ಲ. ನಿಮ್ಮ ಸ್ಟ್ರಿಪ್ಪುಗಳೂ ಅಷ್ಟೇ ಹಳೆಯವು, ಒಣಗಿ ಹಗ್ಗದ ಹಾಗೆ ಆಗಿದ್ದಿರಬೇಕು. ವರ್ಷಕ್ಕೊಮ್ಮೆ ಎರಡನ್ನೂ ಬದಲಿಸಿ. ದೊಡ್ಡ ಖರ್ಚೇನಲ್ಲ.

ಕೊನೆಯ ತಪ್ಪು ಹವಾ. ಕೈಗೆ ಗಟ್ಟಿ ಅಂದರೆ ಎಷ್ಟು? 15 ಪಿಎಸ್‌ಐ (ಹವಾ ಒತ್ತಡದ ಅಳತೆ) ಇದ್ದರೂ ಹೆಬ್ಬೆರಳಿಗೆ ಟೈರು ಗಟ್ಟಿಯೇ. ಆದರೆ ನೀವು ಕೂತ ಕೂಡಲೇ ಅದು ಚಪ್ಪಟೆಯಾಗಿ, ಒಂದೊಂದು ಸುತ್ತಿಗೂ ತೂತು ಹಿಗ್ಗಿ ಕುಗ್ಗಿ, ಸ್ಟ್ರಿಪ್ಪನ್ನು ಹೊರಗೆ ಅಗಿದು ಉಗುಳುತ್ತದೆ. ನಿಮ್ಮಂಥ ಬೈಕಿಗೆ ಸಾಮಾನ್ಯವಾಗಿ ಮುಂದೆ 25ರ ಆಸುಪಾಸು, ಹಿಂದೆ ಒಬ್ಬರಿದ್ದರೆ 28ರಿಂದ 30, ಇಬ್ಬರಿದ್ದರೆ 32ಕ್ಕೂ ಮೇಲೆ ಬೇಕು. ಸರಿಯಾದ ಅಂಕಿ ನಿಮ್ಮ ಬೈಕಿನ ಚೈನ್ ಕವರ್ ಹತ್ತಿರದ ಚೀಟಿಯಲ್ಲೋ ಪುಸ್ತಕದಲ್ಲೋ ಇರುತ್ತದೆ. ಹಾಗಾಗಿ ಒಂದು ಚಿಕ್ಕ ಹವಾ ಮೀಟರ್ ಇಟ್ಟುಕೊಳ್ಳಿ. ಹವಾ ತುಂಬಿದ ಮೇಲೆ ಸ್ಟ್ರಿಪ್ ಮೇಲೆ ನೀರು ಹಾಕಿ, ಗುಳ್ಳೆ ಬರುತ್ತಿದ್ದರೆ ಅದೇ ತೂತಿಗೆ ಇನ್ನೊಂದು ಸ್ಟ್ರಿಪ್.

ಪಂಪ್ ಯಾವುದು ಅಂತ ಬಹಳ ಜನ ಕೇಳುತ್ತಾರೆ. ಚಾರ್ಜ್ ಮಾಡುವ ಚಿಕ್ಕ ಎಲೆಕ್ಟ್ರಿಕ್ ಪಂಪ್ ಈಗ ಎಲ್ಲರ ಕೈಯಲ್ಲಿದೆ, ಒಳ್ಳೆಯದೇ, ಬೇಕಾದಷ್ಟು ಅಂಕಿ ಒತ್ತಿದರೆ ತಾನೇ ನಿಲ್ಲುತ್ತದೆ. ಆದರೆ ಆರು ತಿಂಗಳು ಡಿಕ್ಕಿಯಲ್ಲಿಟ್ಟು, ಬೇಕಾದ ದಿನ ಒತ್ತಿದರೆ ಚಾರ್ಜ್ ಇರುವುದಿಲ್ಲ. ತಿಂಗಳಿಗೊಮ್ಮೆ ಫೋನಿನ ಜೊತೆ ಚಾರ್ಜಿಗೆ ಹಾಕಿ. ಕಾಲಿನ ಪಂಪ್‌ಗೆ ಆ ಚಿಂತೆ ಇಲ್ಲ, ಬೆವರು ಬರುತ್ತದೆ ಅಷ್ಟೇ, ನಿಮ್ಮ ಹತ್ತಿರ ಇದ್ದೇ ಇದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, 16 ಗ್ರಾಂ ತೂಕದ ಬುಡ್ಡಿ, ನೋಡಲು ಚೆಂದ. ಬೈಕಿನ ಹಿಂದಿನ ಟೈರಿಗೆ ಒಂದು ಸಾಲದು, ಎರಡು ಮೂರು ಬೇಕಾಗುತ್ತದೆ, ಸ್ಟ್ರಿಪ್ ಸರಿಯಾಗಿ ಕೂರದಿದ್ದರೆ ಎಲ್ಲ ಗಾಳಿಗೆ. ಹತ್ತಿರದ ಹಳ್ಳಿಯಲ್ಲಿ ಸೈಕಲ್ ಪಂಪ್ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಸಾದಾ ಸೈಕಲ್ಲಿನ ವಾಲ್ ಬೇರೆ, ನಿಮ್ಮದು ಬೇರೆ, ಅದರ ಬಾಯಿ ಇದಕ್ಕೆ ಕೂರುವುದಿಲ್ಲ.

ಹವಾ ಪೂರ್ತಿ ಹೋಗಿ ಟೈರಿನ ಅಂಚು ರಿಮ್ಮಿನಿಂದ ಕಳಚಿಬಿಟ್ಟಿದ್ದರೆ ಚಿಕ್ಕ ಪಂಪ್‌ನಿಂದ ಏನೂ ಆಗದು, ಹಾಕಿದಷ್ಟೂ ಅಂಚಿನಲ್ಲಿ ಹೋಗುತ್ತದೆ. ದೊಡ್ಡ ಕಂಪ್ರೆಸರ್ ಬೇಕು. ಪೆಟ್ರೋಲ್ ಚಿಮುಕಿಸಿ ಬೆಂಕಿ ಕೊಟ್ಟು ಧಡ್ ಅಂತ ಕೂರಿಸುವ ವಿಡಿಯೋಗಳನ್ನು ನೋಡಿರುತ್ತೀರಿ. ದಯವಿಟ್ಟು ಬೇಡ.

ಟೈರಿನೊಳಗೆ ಮೊದಲೇ ಹಾಕಿಡುವ ಸೀಲಂಟ್ ಜೆಲ್ ಬಗ್ಗೆ ನನಗೆ ಅಂಥ ಪ್ರೀತಿ ಇಲ್ಲ. ಜಾಲಿ ಮುಳ್ಳಿಗೆ, ಸಣ್ಣ ಮೊಳೆಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಹೊಲದ ದಾರಿಯಲ್ಲಿ ದಿನಾ ಹೋಗುವವರು ಹಾಕಿಸಿಕೊಳ್ಳಲಿ. ಆದರೆ ಆಮೇಲೆ ಟೈರ್ ಬಿಚ್ಚಿದವನ ಕೈ ಮೈ ಎಲ್ಲ ಗೊಜ್ಜು, ವಾಲ್ ಕಟ್ಟಿಕೊಳ್ಳುತ್ತದೆ, ಪ್ಯಾಚ್ ಹಿಡಿಯುವುದಿಲ್ಲ. ಹಾಕಿಸಿದ್ದರೆ ಅಂಗಡಿಯವರಿಗೆ ಮೊದಲೇ ಹೇಳಿ.

ಸ್ಟ್ರಿಪ್ ಸರಿಯಾಗಿ ಕೂತ ಮೇಲೂ ಮನೆಯವರೆಗೆ 50ರ ಒಳಗೆ ಓಡಿಸಿ, ಮೊದಲ ಎರಡು ಕಿಲೋಮೀಟರ್ ಆದ ಮೇಲೆ ನಿಂತು ಹವಾ ನೋಡಿ, ಮರುದಿನ ಬೆಳಿಗ್ಗೆ ಮತ್ತೆ ನೋಡಿ. ಟೈರ್ ಕಂಪನಿಗಳ ಲೆಕ್ಕದಲ್ಲಿ ಹೊರಗಿನಿಂದ ಹಾಕಿದ ಸ್ಟ್ರಿಪ್ ತಾತ್ಕಾಲಿಕ. ಒಂದೇ ಸ್ಟ್ರಿಪ್ಪಿನಲ್ಲಿ ಟೈರ್ ಸವೆಯುವವರೆಗೂ ಓಡಿಸಿದವರನ್ನು ನಾನೇ ಬೇಕಾದಷ್ಟು ನೋಡಿದ್ದೇನೆ, ಊರೊಳಗಿನ ಓಡಾಟಕ್ಕೆ ಪರವಾಗಿಲ್ಲ ಅನ್ನುತ್ತೇನೆ. ಆದರೆ ನೀವು ದಿನಾ ಹೆದ್ದಾರಿಯಲ್ಲಿ 80ರಲ್ಲಿ ಹೋಗುವವರು. ನಿಮಗೆ ಒಳಗಿನಿಂದ ಅಣಬೆ ಆಕಾರದ ಪ್ಯಾಚ್ ಹಾಕಿಸುವುದೇ ಸರಿ, ಅದರ ಕಾಲು ತೂತನ್ನು ತುಂಬುತ್ತದೆ, ತಲೆ ಒಳಪದರಕ್ಕೆ ಅಂಟಿ ಮುಚ್ಚುತ್ತದೆ.

ಈಗ ನಿಮ್ಮ ಟೈರು. ಖಾಲಿ ಟೈರಿನಲ್ಲಿ ಓಡಿಸಿದಾಗ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿದ ಪಕ್ಕದ ಗೋಡೆ ಮಡಚಿ, ಬಿಸಿಯಾಗಿ, ಒಳಗಿನ ನೂಲಿನ ಪದರಗಳು ಬಿಡುತ್ತವೆ. ಹೊರಗಿನಿಂದ ಹೊಸದರ ಹಾಗೇ ಕಾಣುತ್ತದೆ. ಅದಕ್ಕೇ ನೀವು ಅಂಗಡಿಯವರ ಮಾತು ನಂಬಲಿಲ್ಲ. ಟೈರ್ ಬಿಚ್ಚಿಸಿ, ಪಕ್ಕದಲ್ಲೇ ನಿಂತು ಒಳಗೆ ಕೈ ಆಡಿಸಿ ನೋಡಿ. ಕಪ್ಪು ರಬ್ಬರಿನ ಪುಡಿ ಬಿದ್ದಿದೆಯಾ? ಗೋಡೆಯ ಒಳಮೈಯಲ್ಲಿ ಸುತ್ತಲೂ ಸುಕ್ಕಿನ ಗೆರೆ ಇದೆಯಾ, ನೂಲು ಕಾಣುತ್ತಿದೆಯಾ? ಒಂದು ಇದ್ದರೂ ಅದು ಮುಗಿದ ಟೈರು, ವಾದ ಬೇಡ. ಏನೂ ಇಲ್ಲದೆ ನುಣ್ಣಗಿದ್ದರೆ ನಿಮ್ಮ ಅದೃಷ್ಟ, ಪ್ಯಾಚ್ ಹಾಕಿಸಿ ಓಡಿಸಿ. ಮೂರು ಕಿಲೋಮೀಟರ್ ಅಂದಿರಿ, ಹಾಗಾಗಿ ನನಗೆ ಆಸೆ ಕಡಿಮೆ. ರಿಮ್ಮಿನ ಅಂಚು ಎಲ್ಲಾದರೂ ಬಾಗಿದೆಯಾ ಅಂತಲೂ ನೋಡಿಸಿ.

ಹೊಸದು ಹಾಕಿಸುವುದಾದರೆ ವಾಲ್ ಕೂಡ ಬದಲಿಸಿ, ಅದರ ಬೆಲೆ ಏನಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 3524 ಅಂತಿದ್ದರೆ 2024ರ 35ನೇ ವಾರ ತಯಾರಾದದ್ದು. ಮೂರು ವರ್ಷ ಗೋಡೌನಿನಲ್ಲಿ ಕೂತ ಮಾಲು ತಗೋಬೇಡಿ. ಮತ್ತೆ ಹಳೇ ಟೈರನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಮನೆಗೆ ತಂದು ಭಾನುವಾರ ಒಂದು ಮೊಳೆ ಹೊಡೆದು, ಕಿತ್ತು, ಕಡ್ಡಿ ಆಡಿಸಿ, ನಾಲ್ಕೈದು ಸ್ಟ್ರಿಪ್ ಹಾಕಿ ನೋಡಿ. ಎಷ್ಟು ಜೋರು ಹಾಕಬೇಕು, ಸಡಿಲಾಗುವುದು ಅಂದರೆ ಏನು ಅಂತ ಕೈಗೇ ಗೊತ್ತಾಗುತ್ತದೆ, ನಾನು ಎಷ್ಟು ಬರೆದರೂ ಅದು ಬರುವುದಿಲ್ಲ.